ಮೋಹನ ಆರಿಸಿದ ಗಿಟಾರು, ನಾನು ಎತ್ತದ ಕೈ

ಈ ಬಾಸ್ ಗಿಟಾರನ್ನು ಆರಿಸಿದವನು ನಾನಲ್ಲ, ಕೋಡಿಬಾಗದ ಮೋಹನ. ಅದು ಅವನ ಹೆಗಲಿನಿಂದ ನನ್ನ ಹೆಗಲಿಗೆ ಬಂದದ್ದು ನನ್ನದೊಂದು ಮರೆವಿನಿಂದ ಎಂದು ಒಂಬತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ — ಅವನಿಗೆ, ನಮ್ಮ ಆರ್ಕೆಸ್ಟ್ರಾದವರಿಗೆ, ನನ್ನ ದಿನಚರಿಗೆ ಕೂಡ. ನಾನು ಮರೆತಿರಲಿಲ್ಲ.

ಬರೆದಾಯಿತು. ಈಗ ಉಳಿದದ್ದನ್ನೂ ಬರೆಯಬೇಕು.

ನಾನು ಅಂಕೋಲೆಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಬರೆದಿಟ್ಟದ್ದೆಲ್ಲ ನಡೆದದ್ದಲ್ಲ, ಬರೆದವನು ಯಾರು, ಯಾಕೆ ಬರೆದ ಎಂದು ಮೊದಲು ಕೇಳಿ — ಹೀಗೆ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ನನ್ನ ಹಳೆಯ ದಿನಚರಿಯ ಒಂದು ಪುಟದಲ್ಲಿ ಹೀಗಿದೆ: ‘ಮಧ್ಯಾಹ್ನ ಮದುವೆ ಕಾರ್ಯಕ್ರಮ. ಮೋಹನನಿಗೆ ಸನ್ನೆ ಕೊಡಲು ಮರೆತೆ. ತುಂಬಾ ಬೇಸರ.’ ಅದೇ ದಿನ ಸಂಜೆ, ನನ್ನದೇ ಅಕ್ಷರದಲ್ಲಿ ಬರೆದದ್ದು. ಬೇರೆ ಯಾರೂ ಓದದ ಪುಸ್ತಕದಲ್ಲಿ ಯಾರಿಗಾಗಿ ಸುಳ್ಳು ಬರೆದೆ? ಮುಂದೆ ಎಂದಾದರೊಂದು ದಿನ ಅದನ್ನು ತೆರೆದು ನೋಡುವ ನನಗಾಗಿಯೇ ಇರಬೇಕು. ಆ ಉಪಾಯ ಫಲಿಸಿತು ಕೂಡ. ಎಷ್ಟೋ ವರ್ಷ ಆ ಪುಟವನ್ನು ನಾನು ನಂಬಿದೆ, ಅಥವಾ ನಂಬಿದವನಂತೆ ಇದ್ದೆ — ಎರಡಕ್ಕೂ ಎಷ್ಟು ವ್ಯತ್ಯಾಸವಿದೆಯೋ ತಿಳಿಯದು.

ಕಳೆದ ತಿಂಗಳು ಕಾರವಾರದಲ್ಲಿ ವಾದ್ಯ ನುಡಿಸುವ ಎಳೆಯರು ಕೆಲವರು ಒಂದು ಬೆಳಿಗ್ಗೆ ಸೇರಿದ್ದರು. ನನ್ನನ್ನು ಕರೆದು ಒಂದೇ ಪ್ರಶ್ನೆ ಇಟ್ಟರು: ದೊಡ್ಡ ಹೆಸರಿನ ಕಂಪನಿಗಳನ್ನು ಬಿಟ್ಟು, ಗೋವೆಯಲ್ಲೂ ಯಾರೂ ಕೇಳಿರದ ಈ ಕಂಪನಿಯ ಬಾಸನ್ನು ಯಾಕೆ ಆರಿಸಿದಿರಿ? ನಾನು ಕಾರಣಗಳನ್ನು ಹೇಳಿದೆ. ಕತ್ತು ಸಪೂರ, ಚಿಕ್ಕ ಬೆರಳಿಗೂ ಎಟಕುತ್ತದೆ. ಹೆಗಲಿಗೆ ಹಾಕಿದರೆ ತಲೆ ನೆಲಕ್ಕೆ ಜಗ್ಗುವುದಿಲ್ಲ. ಉಳಿದವುಗಳಲ್ಲಿ ಕತ್ತನ್ನು ಹೊಟ್ಟೆಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಇದರಲ್ಲಿ ತುದಿಯಿಂದ ತುದಿಗೆ ಒಂದೇ ಮರ, ತಂತಿಯ ನಡುಕ ಎಲ್ಲೂ ತುಂಡಾಗುವುದಿಲ್ಲ. ಸಣ್ಣ ಕಾರ್ಖಾನೆಯವರು ಹೆಸರನ್ನು ಮಾರಲಾರರು, ಹಾಗಾಗಿ ಮರವನ್ನು ನೋಡಿ ಮಾಡುತ್ತಾರೆ. ಎಲ್ಲವೂ ನಿಜವೇ. ಆದರೆ ಯಾವುದೂ ಕಾರಣವಲ್ಲ.

ಮಾಜಾಳಿಯ ಒಬ್ಬ ಹುಡುಗಿ, ದಿನವೂ ಗೋವೆಗೆ ಕೆಲಸಕ್ಕೆ ಹೋಗಿಬರುವವಳು, ಎದ್ದು ಕೇಳಿದಳು: “ಅಂಗಡೀಲಿ ಅಷ್ಟೆಲ್ಲ ಇರ್ತದೆ ಸರ್. ಇದೇ ಅಂತ ನಿಮಗೆ ಹ್ಯಾಂಗೆ ಗೊತ್ತಾಯ್ತು?”

ನಾನು ಹೇಳಿದೆ: “ಕರೆಂಟಿನ ಡಬ್ಬಿಗೆ ಜೋಡಿಸಬಾರದು. ಸುಮ್ಮನೆ ಮರಕ್ಕೆ ದವಡೆ ಒತ್ತಿ ತಂತಿ ಮೀಟಬೇಕು. ನನ್ನ ಅಜ್ಜ ದೋಣಿಯ ಹುಟ್ಟನ್ನು ನೀರಿಗಿಳಿಸಿ, ಹಿಡಿಗೆ ದವಡೆ ಕೊಟ್ಟು, ಕೆಳಗೆ ಮೀನು ಇದೆಯೋ ಇಲ್ಲವೋ ಹೇಳುತ್ತಿದ್ದರು.”

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಅಜ್ಜ ಬೊಬ್ರುವಾಡದಲ್ಲಿ ಗದ್ದೆ ಮಾಡಿಕೊಂಡಿದ್ದವರು. ದೋಣಿ ಹತ್ತಿದವರೇ ಅಲ್ಲ, ನೀರು ಕಂಡರೆ ಹೆದರುತ್ತಿದ್ದರು. ದೋಣಿಯ ಆ ಅಜ್ಜ ಮೋಹನನ ಅಜ್ಜ. ನಾನು ಇನ್ನೊಬ್ಬನ ಅಜ್ಜನನ್ನೇ ಎತ್ತಿಕೊಂಡು ಬಂದಿದ್ದೆ — ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಬಸ್ಸಿನಲ್ಲಿ ಮನೆಗೆ ಮರಳುವಾಗ ಅದೇ ನನ್ನನ್ನು ಹಿಡಿದುಕೊಂಡಿತು. ಇಷ್ಟು ಸಲೀಸಾಗಿ ನೆನಪು ಕಟ್ಟಬಲ್ಲವನು ‘ಮರೆತೆ’ ಎಂದು ಬರೆದದ್ದನ್ನು ಹೇಗೆ ನಂಬಲಿ?

ಇದು ನಡೆದದ್ದು ಹೀಗೆ — ಎಂದರೆ, ನನಗೆ ಈಗ ಕಾಣುವಂತೆ ಹೀಗೆ.

ಹನ್ನೊಂದು ವರ್ಷಗಳ ಹಿಂದೆ ಮೋಹನ ಮತ್ತು ನಾನು ಮಡಗಾಂವಿಗೆ ರೈಲಿನಲ್ಲಿ ಹೋದೆವು, ಅವನಿಗೊಂದು ಹೊಸ ಬಾಸ್ ಕೊಳ್ಳಲು. ಪಾಂಡುರಂಗಣ್ಣ ನಡೆಸುತ್ತಿದ್ದ ಆರ್ಕೆಸ್ಟ್ರಾದಲ್ಲಿ ಅವನು ಬಾಸ್, ನಾನು ಕೀಬೋರ್ಡ್. ಮೋಹನ ಮೀನುಗಾರರ ಮನೆಯವನು, ಟ್ರಾಲರ್ ಬೋಟಿನ ಇಂಜಿನ್ ನೋಡಿಕೊಳ್ಳುತ್ತಿದ್ದ. ಅಂಗಡಿಯವ ಗೋಡೆಯ ಮೇಲಿನ ಹೆಸರಾಂತ ಗಿಟಾರನ್ನು ಇಳಿಸಿ ಆಂಪ್ಲಿಫೈಯರಿಗೆ ಜೋಡಿಸಲು ಹೋದರೆ ಇವನು, “ಅದನ್ನ ಬಂದ್ ಮಾಡಿ” ಎಂದ. ಗಿಟಾರಿನ ಮೈಯಿಂದ ಚಾಚಿದ ಮರದ ಕೊಂಬಿಗೆ ದವಡೆ ಒತ್ತಿ, ಕಣ್ಣು ಮುಚ್ಚಿ, ದಪ್ಪ ತಂತಿ ಮೀಟಿದ. ಒಂದಾದ ಮೇಲೊಂದು. ನಾಲ್ಕನೆಯದಕ್ಕೆ ಅಂಗಡಿಯವನ ತಾಳ್ಮೆ ಮುಗಿಯಿತು. “ಅರೇ, ವಾಜಯ್ತಲೊ ಕಾಯ್ ಖಾತಲೊ?” ಎಂದು ಕೊಂಕಣಿಯಲ್ಲಿ ಕೇಳಿದ — ನುಡಿಸ್ತೀಯೋ, ತಿಂತೀಯೋ?

ಮೋಹನನಿಗೆ ಅದು ಕೇಳಿಸಲಿಲ್ಲ. ಅವನು ಒಡ್ಡಿದ ಬಲಗಿವಿಗೆ ಬಗ್ಗಿ ನಾನು ಹೇಳಿದೆ. “ಉಪ್ಪು ಸಮ ಇದ್ಯಾ ನೋಡ್ತೆ ಅಂತ ಹೇಳು ಅವಂಗೆ” ಎಂದು ನಕ್ಕ.

ಮೂಲೆಯಲ್ಲಿ, ಡ್ರಮ್ಮಿನ ಖಾಲಿ ಪೆಟ್ಟಿಗೆಗಳ ಹಿಂದೆ ಇದು ಒರಗಿತ್ತು. ತಲೆಯ ಮೇಲಿನ ಹೆಸರನ್ನು ಅಂಗಡಿಯವನೇ ಎರಡು ಸಲ ಎರಡು ಥರ ಓದಿದ. ಮೋಹನ ದವಡೆ ಕೊಟ್ಟ. ಬಹಳ ಹೊತ್ತು ತೆಗೆಯಲೇ ಇಲ್ಲ. ಆಮೇಲೆ ನನ್ನತ್ತ ತಿರುಗಿ, “ಮಾಸ್ತರಾ, ಇದು ಮಾತಾಡ್ತದೆ ಮಾರಾಯಾ” ಎಂದ.

ವಾಪಸು ಬರುವಾಗ, ರೈಲು ಕಾಳಿ ನದಿಯ ಸೇತುವೆ ದಾಟುತ್ತಿದ್ದಾಗ, ಅವನು ಹೇಳಿದ. ಎಡಗಿವಿ ಪೂರಾ ಹೋಗಿದೆ, ಬಲಗಿವಿ ಹೋಗುತ್ತಿದೆ. ಇಂಜಿನ್ನಿನ ಸದ್ದು ತಿಂದುಹಾಕಿದೆ. ಹೋದದ್ದು ಇನ್ನು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. “ಇದ್ರದ್ದು ಕೇಳೂದಲ್ಲ ಮಾರಾಯಾ, ತಾಗೂದು. ಹೊಟ್ಟೆಗೆ ಒತ್ಕಂಡ್ರೆ ಎಲುಬಿಗೆ ತಾಗ್ತದೆ. ಬಾಕಿ ಎಲ್ಲಾ ಬರೀ ಮರ.” ಮತ್ತೆ ಹೇಳಿದ: “ಪಾಂಡುರಂಗಣ್ಣಂಗೆ ಹೇಳ್ಬೇಡ. ಹೇಳಿದ್ರೆ ಪಾಪ ಅಂತಾರೆ. ಪಾಪದವ ಅಂತ ನಂಗೆ ಬಾರ್ಸೂಕೆ ಕೊಡೂದು ಬೇಡ.”

ನಾನು ಮಾತು ಕೊಟ್ಟೆ.

ಅಂದು ಕೋಡಿಬಾಗದ ಮನೆಯ ಬಾಗಿಲಲ್ಲಿ ಅವನ ಹೆಂಡತಿ ಸುಮಿತ್ರಾ ಮೀನು ಕೊಯ್ಯುತ್ತ ಕೂತಿದ್ದವಳು ತಲೆಯೆತ್ತಿ, “ಹೆಸ್ರೇ ಗೊತ್ತಿಲ್ದವಳನ್ನ ಮನೆಗೆ ಕರ್ಕಂಡು ಬಂದ್ರಲ್ಲ!” ಎಂದಳು. ಮೋಹನ ಅವಳ ತುಟಿ ನೋಡಿಯೇ ಮಾತು ಹಿಡಿದ. “ನಿನ್ನ ಹೆಸ್ರೂ ನಂಗೆ ಮದ್ವೆ ಕಾಗದ ಬಂದ್ಮೇಲೆ ಗೊತ್ತಾದ್ದು.” ಅವಳು ಮೀನಿನ ಕೈಯಲ್ಲೇ ಹೊಡೆಯಲು ಬಂದಳು.

ಆಮೇಲಿನ ಎರಡು ವರ್ಷ ನನ್ನ ಜೀವನದ ಅತ್ಯಂತ ಸುಖದ ಕಾಲ. ಇದು ನೆನಪು ಕಟ್ಟಿದ್ದಲ್ಲ ಎಂದೇ ನಂಬುತ್ತೇನೆ. ಮೋಹನನಿಗೆ ತನ್ನ ಬಾಸ್ ತಾಗುತ್ತಿತ್ತು, ಡ್ರಮ್ಮು ಕಾಲಡಿಯ ಹಲಗೆಯಿಂದ ತಾಗುತ್ತಿತ್ತು. ಆದರೆ ಹಾಡು ಯಾವ ಶ್ರುತಿಯಲ್ಲಿದೆ ಎಂದು ತಿಳಿಯುವ ದಾರಿಯಿರಲಿಲ್ಲ. ನಮ್ಮ ಕಡೆ ಶ್ರುತಿಯನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ — ಕಪ್ಪು ಎರಡು, ಬಿಳಿ ಎರಡು, ಹೀಗೆ. ಪ್ರತಿ ಹಾಡಿಗೆ ಮೊದಲು ಅವನು ನನ್ನತ್ತ ನೋಡುವುದು, ನಾನು ಎಡಗೈ ಎತ್ತುವುದು: ಮುಷ್ಟಿಯಾದರೆ ಕಪ್ಪು, ಬಿಚ್ಚಿದ ಅಂಗೈಯಾದರೆ ಬಿಳಿ, ಆಮೇಲೆ ಬೆರಳಿನಲ್ಲಿ ಸಂಖ್ಯೆ. ಕಣ್ಣು ಮಿಟುಕಿಸುವಷ್ಟರ ಕೆಲಸ. ಎರಡು ವರ್ಷದಲ್ಲಿ ಯಾರಿಗೂ ಗೊತ್ತಾಗಲಿಲ್ಲ. “ಮೋಹನ ಇದ್ರೆ ನಂಗೆ ಗೋಡೆಗೆ ಬೆನ್ನು ಕೊಟ್ಟಂಗೆ” ಎಂದು ಪಾಂಡುರಂಗಣ್ಣ ಎಲ್ಲರೆದುರು ಹೇಳುತ್ತಿದ್ದರು. ಕೇಳಿ ನನಗೆ ಹೆಮ್ಮೆಯೆನಿಸುತ್ತಿತ್ತು. ಹೆಮ್ಮೆ ಮಾತ್ರವೇ — ಇಲ್ಲ. ಆ ಗೋಡೆಯಲ್ಲಿ ಅರ್ಧ ನನ್ನದು ಎಂದೂ ಅನಿಸುತ್ತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ಆ ಮದುವೆಯ ಬೆಳಿಗ್ಗೆ ಟೆಂಪೋದಲ್ಲಿ ಅಂಕೋಲೆಯಾಚೆಯ ಊರೊಂದಕ್ಕೆ ಹೋಗುತ್ತಿದ್ದೆವು. ಎಲ್ಲರೂ ಎಲ್ಲರನ್ನೂ ಕಿಚಾಯಿಸುವ ಹೊತ್ತು. ನಾನು ತಡವಾಗಿ ಬಂದಿದ್ದೆ. ಮೋಹನ ಎಲ್ಲರಿಗೂ ಕೇಳುವಂತೆ, “ಮಾಸ್ತರ ಬರದಿದ್ರೂ ನಡೀತದೆ. ಕೀಬೋರ್ಡಿಗೆ ಒಂದು ಪೆನ್ ಡ್ರೈವ್ ಹಾಕಿದ್ರೆ ಆಯ್ತು. ಅದು ಚಾಯ ಸೈತ ಕೇಳೂದಿಲ್ಲ!” ಎಂದ. ಟೆಂಪೋ ಇಡೀ ನಕ್ಕಿತು. ನಾನೂ ನಕ್ಕೆ. ಪ್ರೀತಿಯ ಮಾತು ಅದು. ಅವನು ಪ್ರೀತಿಯಿಲ್ಲದವರನ್ನು ಕಿಚಾಯಿಸುತ್ತಲೇ ಇರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ —

ಎರಡನೇ ಪಂಕ್ತಿಗೆ ಬಡಿಸುತ್ತಿದ್ದರು. ಹಾಡುತ್ತಿದ್ದ ಪಾಂಡುರಂಗಣ್ಣನ ಗಂಟಲು ಕಟ್ಟಿತ್ತು. ನನ್ನ ಬದಿಗೆ ತಿರುಗಿ ನಮಗೆಲ್ಲ, “ಕಪ್ಪು ಎರಡು ಏಳೂದಿಲ್ಲ, ಬಿಳಿ ಎರಡ್ರಿಂದ ಹಿಡೀರಿ” ಎಂದರು. ಮೋಹನ ಅವರ ಬೆನ್ನ ಹಿಂದೆ, ಇನ್ನೊಂದು ಬದಿಯಲ್ಲಿದ್ದ. ಅವರ ತುಟಿ ಅವನಿಗೆ ಕಾಣುವಂತಿರಲಿಲ್ಲ. ಎಂದಿನಂತೆ ನನ್ನತ್ತ ನೋಡಿದ. ನಾನು ಅವನು ನೋಡಿದ್ದನ್ನು ನೋಡಿದೆ. ನನ್ನ ಎಡಗೈ ಕೀಬೋರ್ಡಿನ ಅಂಚಿನ ಮೇಲೆ ಇತ್ತು. ಯಾವುದೋ ಗುಂಡಿ ಸರಿಮಾಡುವವನಂತೆ ತಲೆ ತಗ್ಗಿಸಿದೆ.

ಆಗ ಮನಸ್ಸಿನಲ್ಲಿ ಇದ್ದದ್ದೇನು? ಅವನ ಜಾಗ ಬೇಕೆಂದು ಇರಲಿಲ್ಲ, ಇದನ್ನು ಎಷ್ಟು ಸಲ ಕೆದಕಿ ನೋಡಿದರೂ ಇರಲಿಲ್ಲ. ನಾನಿಲ್ಲದಿದ್ದರೆ ನಡೆಯುವುದಿಲ್ಲ ಎಂದು ಅವನೊಬ್ಬನಿಗೆ, ಒಂದು ಸಾಲಿನ ಮಟ್ಟಿಗೆ, ಗೊತ್ತಾಗಲಿ — ಅಷ್ಟೇ. ಅಷ್ಟು ಸಣ್ಣದಕ್ಕೆ.

ಅವನು ಆ ಹಾಡಿನ ಎಂದಿನ ಕಪ್ಪು ಎರಡರಲ್ಲೇ ಹಿಡಿದ. ನಾವೆಲ್ಲ ಬಿಳಿ ಎರಡರಲ್ಲಿ. ಬಳಚಿನ ಚಿಪ್ಪುಮೀನಿನ ತುತ್ತಿನಲ್ಲಿ ಮರಳು ಸಿಕ್ಕಿದಂತೆ ಸಭೆಯ ಹಲ್ಲು ಜುಮ್ಮೆಂದಿತು. ಅವನು ಅದನ್ನು ಮುಖಗಳಲ್ಲಿ ಕಂಡಿರಬೇಕು, ಮತ್ತೊಮ್ಮೆ ನನ್ನತ್ತ ನೋಡಿದ. ಆಗಲಾದರೂ ಕೈ ಎತ್ತಬಹುದಿತ್ತು. ಮೊದಲ ಸಲದ್ದನ್ನು ಸಿಟ್ಟು ಎನ್ನಬಹುದೇನೋ. ಎರಡನೆಯದಕ್ಕೆ ನನ್ನಲ್ಲಿ ಹೆಸರಿಲ್ಲ. ಪಂಕ್ತಿಯಿಂದ ಯಾರೋ ಕೂಗಿದರು: “ಪಾಂಡಣ್ಣಾ, ನಿಮ್ಮವ ಬೇರೆ ಮದ್ವೆಗೆ ಬಾರಿಸ್ತಾ ಇದ್ದಾನ್ಯೆ?” ಎಲೆ ಮುಂದೆ ಕೂತವರೆಲ್ಲ ನಕ್ಕರು. ಎಲ್ಲರೂ ನಗುವುದನ್ನು ಕಂಡು ಮೋಹನನೂ ನಕ್ಕ. ಏನೋ ತಮಾಷೆ ನಡೆದಿದೆ ಎಂದುಕೊಂಡು ನಕ್ಕ. ಆ ನಗು ಪಾಂಡುರಂಗಣ್ಣನ ಮುಖ ನೋಡಿ ನಿಂತಿತು. ಕೈಯೂ ನಿಂತಿತು.

ಕಾರ್ಯಕ್ರಮ ಮುಗಿದ ಮೇಲೆ, ಸಭಾಭವನದ ಹಿಂದೆ ನೀರಿನ ಟಾಕಿಯ ಹತ್ತಿರ ಪಾಂಡುರಂಗಣ್ಣ ಕೇಳಿದರು, “ಬೆಳಿಗ್ಗೆನೇ ಏರ್ಸ್ಕಂಡು ಬಂದ್ಯಾ ಹ್ಯಾಂಗೆ?” ಹೌದು ಎಂದಿದ್ದರೆ ಬೈದು ಬಿಟ್ಟುಬಿಡುತ್ತಿದ್ದರು.

“ಕುಡ್ದಿಲ್ಲ ಪಾಂಡುರಂಗಣ್ಣಾ” ಎಂದ ಮೋಹನ. “ನಂಗೆ ಕಿವಿ ಕೇಳೂದಿಲ್ಲ. ಇಷ್ಟು ದಿವ್ಸ ಶ್ರೀಧರನ ಕೈ ನೋಡ್ಕಂಡು ಬಾರ್ಸ್ದೆ.”

ಇಬ್ಬರೂ ನನ್ನತ್ತ ತಿರುಗಿದರು. ನಾನು ಹೇಳಿದೆ: “ನಂಗೆ ಮರ್ತು ಹೋಯ್ತು ಮೋಹನಾ.”

ಅವನು ನನ್ನ ತುಟಿಯನ್ನು ಓದಿದ. ಹತ್ತಿರ ಬಂದು ಹೆಗಲಿಗೆ ಗುದ್ದಿದ. “ಮರ್ತ್ರೆ ಮರ್ತೆ. ಮಂಡೆ ಬಿಸಿ ಮಾಡ್ಕಣಬೇಡ” ಎಂದ. ಪಾಂಡುರಂಗಣ್ಣ ಎಷ್ಟು ಹೇಳಿದರೂ ಅವನು ಮತ್ತೆ ಬರಲಿಲ್ಲ. ಮುಂದಿನ ವಾರ ಬಸ್ಸಿನಲ್ಲಿ ಬೊಬ್ರುವಾಡಕ್ಕೆ ಬಂದು, ನಮ್ಮ ಜಗಲಿಯ ಮೇಲೆ ಈ ಬಾಸನ್ನು ಮಲಗಿಸಿ, “ನೀ ಬಾರ್ಸು. ಸುಮ್ನೆ ಇಟ್ರೆ ಮರ ಮೂಕಾಗ್ತದೆ” ಎಂದ. ನಾನು ತೆಗೆದುಕೊಂಡೆ. ತೆಗೆದುಕೊಂಡೆ ಎಂಬುದನ್ನೂ ಬರೆಯಬೇಕು. ಬೇಡ ಎನ್ನಲು ಬಾಯಿ ಇತ್ತು.

ಅವನು ನನ್ನನ್ನು ಅಂದೇ ಕ್ಷಮಿಸಿದ, ನಾನು ಮಾಡದ ತಪ್ಪಿಗೆ. ಮಾಡಿದ ತಪ್ಪು ಹಾಗೆಯೇ ಉಳಿದಿದೆ.

ಮೋಹನ ಈಗ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಾನೆ. ಎರಡೂ ಕಿವಿ ಪೂರಾ ಹೋಗಿವೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಕೊಟ್ಟು, ಹಿಡಿಗೆ ದವಡೆ ಒತ್ತಿ, ಯಾವ ಸಿಲಿಂಡರ್ ಕೆಟ್ಟಿದೆ ಎಂದು ಹೇಳುತ್ತಾನೆ. ಕಿವಿಯಿದ್ದವರು ಕೈಬಿಟ್ಟ ಬೋಟುಗಳು ಅವನ ಹತ್ತಿರ ಬರುತ್ತವೆ. ಅವನಿಗೆ ಯಾರ ಮರುಕವೂ ಬೇಕಿಲ್ಲ, ನನ್ನದಂತೂ ಬೇಡವೇ ಬೇಡ. ತಿಂಗಳಿಗೊಮ್ಮೆ ಹೋಗುತ್ತೇನೆ. ಬಾಸ್ ತಂದಿದ್ದೇನೆಯೇ ಎಂದು ಮೊದಲು ನೋಡುತ್ತಾನೆ. ದವಡೆ ಕೊಟ್ಟು ಕೂರುತ್ತಾನೆ, ನಾನು ನುಡಿಸುತ್ತೇನೆ. “ದಪ್ಪ ತಂತಿ ಇಳ್ದಿದೆ, ಮಾಸ್ತರಾ. ಕಾಲೇಜಲ್ಲಿ ಹೀಂಗೇ ಪಾಠ ಮಾಡ್ತ್ಯಾ?” ಎನ್ನುತ್ತಾನೆ. ಸುಮಿತ್ರಾ ಚಹಾ ತಂದಿಟ್ಟು, “ನನ್ನ ಮಾತಿಗೆ ಇಷ್ಟು ದವಡೆ ಕೊಟ್ಟಿದ್ರೆ ಸಂಸಾರ ಎಲ್ಲೋ ಹೋಗ್ತಿತ್ತು” ಎನ್ನುತ್ತಾಳೆ. ಹೇಳಬೇಕೆಂದುಕೊಂಡು ಹೋದ ಪ್ರತಿ ಸಲವೂ ಆ ನಗುವಿನೊಳಗೆ ಕೂತು ವಾಪಸು ಬಂದಿದ್ದೇನೆ.

ಅವನಿಗೆ ಆಗಲೇ ಗೊತ್ತಾಗಿತ್ತೇ? ಎರಡು ಸಲ ನೋಡಿದವನು, ತುಟಿ ಓದುವವನು — ಮುಖ ಓದಲಾರನೇ? ಗೊತ್ತಿರಬಹುದು. ಆದರೆ ಹಾಗೆ ಅಂದುಕೊಳ್ಳುವುದೂ ನನಗೆ ಅನುಕೂಲವಾದ ಯೋಚನೆಯೇ. ಅದಕ್ಕೆ ಅದನ್ನು ಇಲ್ಲಿಗೇ ಬಿಡುತ್ತೇನೆ.

ಮಾಜಾಳಿಯ ಹುಡುಗಿಗೆ ನಿನ್ನೆ ಬರೆದು ತಿಳಿಸಿದೆ: ಆ ಅಜ್ಜ ನನ್ನವರಲ್ಲ, ಆ ದವಡೆ ನನ್ನದಲ್ಲ, ಬಾಸ್ ಆರಿಸುವುದು ಹೇಗೆಂದು ಕೇಳಬೇಕಾದರೆ ಕೋಡಿಬಾಗಕ್ಕೆ, ಮೋಹನನಲ್ಲಿಗೆ ಹೋಗು ಎಂದು.

ಈ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ನಾನೂ ಹೋಗುತ್ತೇನೆ. ಬಾಸ್ ಜೊತೆಗಿರುತ್ತದೆ, ಈ ಕಾಗದಗಳೂ. ಬಾಯಲ್ಲಿ ಹೇಳುವುದಿಲ್ಲ, ನನ್ನ ತುಟಿ ಅವನೆದುರು ಒಮ್ಮೆ ಸುಳ್ಳು ಹೇಳಿದೆ. ಅವನು ನಿಧಾನವಾಗಿ ಓದುವವನು, ಬೆರಳಿಟ್ಟುಕೊಂಡು, ಸಾಲು ಸಾಲಾಗಿ. ಮದುವೆಯೂಟದ ಎರಡನೇ ಪಂಕ್ತಿಯ ಮಾತಿನ ಹತ್ತಿರ ಬಂದಾಗ ಬೆರಳು ನಿಲ್ಲುತ್ತದೆ, ಅವನು ತಲೆಯೆತ್ತಿ ನನ್ನತ್ತ ನೋಡುತ್ತಾನೆ — ಪ್ರತಿ ಹಾಡಿಗೆ ಮೊದಲು ನೋಡುತ್ತಿದ್ದಂತೆ.

ಆಗ ನಾನು ತಲೆ ತಗ್ಗಿಸುವುದಿಲ್ಲ.