ಮೇಷ್ಟ್ರಿಗೆ ಇಕ್ಕಿದ ಶಾವಿಗೆ

ಆಗ ನನಗೆ ಹನ್ನೊಂದು ವರ್ಷ. ಅರವತ್ತು ವರ್ಷದ ಹಿಂದಿನ ಮಾತು, ಒಂದೆರಡು ಹೆಚ್ಚುಕಮ್ಮಿ ಇರಬಹುದು. ಆವಾಗ ಬೈರಾಪಟ್ಟಣದಲ್ಲಿ ಹುಳಕ್ಕೆ ಅಂತ ಯಾರೂ ಬೇರೆ ಮನೆ ಕಟ್ಟುತ್ತಿರಲಿಲ್ಲ. ನಾವು ಉಂಡು ಮಲಗುವ ಮನೆಯಲ್ಲೇ ರೇಷ್ಮೆ ಹುಳದ ತಟ್ಟೆಗಳನ್ನು ಸೂರಿನವರೆಗೆ ಜೋಡಿಸುತ್ತಿದ್ದರು. ಹುಳಕ್ಕೆ ಆಗಿ ಮಿಕ್ಕಿದ ಜಾಗದಲ್ಲಿ ನಾವು. ಮನೆಯೆಲ್ಲಾ ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಹುಳದ ಹಿಕ್ಕೆಯ ವಾಸನೆ. ಅದು ಚೆನ್ನಾಗಿತ್ತು ಅಂತ ಈಗ ಹೇಳುವವರಿದ್ದಾರೆ. ಚೆನ್ನಾಗೇನಿರಲಿಲ್ಲ. ನೀವೂ ಅಂಥ ಮನೆಯಲ್ಲಿ ಬೆಳೆದಿದ್ದರೆ ನಿಮಗೇ ಗೊತ್ತು.

ಹುಳ ಮನೆಯಲ್ಲಿದ್ದಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ಘಾಟಿಗೆ ಹುಳ ಮೇವು ಬಿಡುತ್ತದೆ, ಬೆಳೆ ಹೋಗುತ್ತದೆ. ಅದಕ್ಕೇ ದಿನಾ ಹಿಟ್ಟು, ಉಪ್ಪುಸಾರು. ರಾಗಿ ಮುದ್ದೆಗೆ ನಮ್ಮ ಕಡೆ ಹಿಟ್ಟು ಅಂತಲೇ ಅನ್ನುವುದು.

ಒಂದು ಬೆಳೆಯಲ್ಲಿ ಅವ್ವ ಸೊಪ್ಪಿನ ಹೊರೆ ಹೊತ್ತು ಬರುವಾಗ ಬದುವಿನ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ನಾಟಿ ವೈದ್ಯ ಬಿದಿರಿನ ದಬ್ಬೆ ಇಟ್ಟು ಕಟ್ಟಿ ಹೋದ. ಅಪ್ಪ ನನ್ನನ್ನು ಕರೆದು, "ಇಸ್ಕೂಲು ನಾಕ್ ದಿನ ಬುಡು ಮಗ, ಅವ್ವನ ಕೈ ನೆಟ್ಟಗಾಗ್ಲಿ" ಅಂದ.

ನನ್ನನ್ನು ಶಾಲೆಗೆ ಸೇರಿಸಿದ್ದೇ ತಡವಾಗಿ. ಆಗಿನ್ನೂ ಮೂರನೇ ಕ್ಲಾಸು. ಅಕ್ಷರ ಬರುತ್ತಿತ್ತು, ಒತ್ತಕ್ಷರ ಸಿಕ್ಕಿದರೆ ನಿಂತುಬಿಡುತ್ತಿದ್ದೆ. ಜಾಣೆ ಅಂತೇನೂ ಅಲ್ಲ. ಆದರೆ ಅಲ್ಲಿ ಹೋಗಿ ಕೂರುವುದು ನನಗೆ ಬೇಕಾಗಿತ್ತು. ಅಡುಗೆ ಬೇಕಾಗಿರಲಿಲ್ಲ. ಹಿಟ್ಟಿನ ಕೋಲು ನನ್ನ ಎದೆಯುದ್ದ ಇತ್ತು. ಮಡಕೆಯನ್ನು ಕವೆಗೋಲಿನಲ್ಲಿ ಅದುಮಿಕೊಂಡು ತಿರುವುವಷ್ಟರಲ್ಲಿ ರಟ್ಟೆ ಸೋತು ಹೋಗುತ್ತಿತ್ತು. ಹಿಟ್ಟೆಲ್ಲಾ ಗಂಟು. ಅಪ್ಪ ಬೈಯುತ್ತಿರಲಿಲ್ಲ. ಗಂಟುಗಳನ್ನು ಬೆರಳಲ್ಲಿ ಹುಡುಕಿ ತಟ್ಟೆಯ ಅಂಚಿಗೆ ಇಟ್ಟುಕೊಂಡು, ಉಂಡೆದ್ದ ಮೇಲೆ ನಾಯಿಗೆ ಹಾಕುತ್ತಿದ್ದ.

ಆ ಹುಳ ಗೂಡು ಕಟ್ಟಿತು, ಮುಂದಿನ ಬೆಳೆಯ ಹುಳ ತಟ್ಟೆಗೆ ಬಂತು. ದಬ್ಬೆ ಬಿಚ್ಚಿದರೆ ಅವ್ವನ ಕೈ ಸೊಟ್ಟಗೆ ಕೂತಿತ್ತು. ಲೋಟ ಹಿಡಿಯಬಹುದು, ಹಿಟ್ಟಿನ ಕೋಲು ಹಿಡಿಯುವ ಹಾಗಿಲ್ಲ. ನಾಲ್ಕು ದಿನದ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಮೇಷ್ಟ್ರು ಚನ್ನಪಟ್ಟಣದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಒಂದು ದಿನ ನಮ್ಮ ಜಗಲಿಗೆ ಕಾಲು ಊರಿ ನಿಂತು, "ಏನ್ ಕೆಂಪಿ, ಇಸ್ಕೂಲ್ ದಾರಿ ಮರ್ತೋಯ್ತಾ? ಶನಿವಾರ ಬತ್ತೀನಿ, ನಿಮ್ಮಪ್ಪನ್ ಹತ್ರ ನಾನೇ ಮಾತಾಡ್ತೀನಿ" ಅಂದರು.

ನನ್ನ ಗಂಟು ಹಿಟ್ಟು ಉಂಡರೆ ಮೇಷ್ಟ್ರು ನನ್ನ ಪರವಾಗಿ ಏನು ಮಾತಾಡಿಯಾರು ಅಂತ ನನಗೆ ಚಿಂತೆಯಾಯಿತು. ಒಳ್ಳೆಯ ಊಟ ಇಕ್ಕಿದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತಾರೆ ಅಂದುಕೊಂಡು ಅವ್ವನ ಹತ್ತಿರ ಹೋದೆ.

"ಅವ್ವ, ಒಗ್ಗರಣೆ ಇಲ್ದಂಗೆ ಒಳ್ಳೆ ಊಟ ಯಾವ್ದು?"

"ಒತ್ತು ಶಾವ್ಗೆ, ಕಾಯಾಲು."

"ನಾನ್ ಮಾಡ್ತೀನಿ."

"ಗಂಟಿಲ್ದಂಗೆ ಇಟ್ಟು ತಿರುವಕ್ ಬರಲ್ಲ, ಶಾವ್ಗೆ ಮಾಡ್ತಾಳಂತೆ ಶಾವ್ಗೆಯ."

ಗುರುವಾರ ಮಾಡಿ ನೋಡಿದೆ. ಅಕ್ಕಿಹಿಟ್ಟು ಅರೆಬರೆ ಬೇಯಿಸಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟೆ. ಉಂಡೆಗಳೆಲ್ಲ ಒಡೆದು ಗಂಜಿಯಾದವು. ಗಂಜಿಯನ್ನು ಎಮ್ಮೆ ಕುಡಿಯಿತು. "ಇಟ್ಟು ಬೇಯೋಕ್ ಮುಂಚೆ ಉಂಡೆ ಕಟ್ಟಿದ್ರೆ ಇನ್ನೇನಾಯ್ತದೆ" ಅಂದಳು ಅವ್ವ. ಆಮೇಲೆ ಹಿತ್ತಿಲ ಒಲೆಯ ಪಕ್ಕ ಬಂದು ಕೂತಳು. ಕೈ ಆಗದವಳು ಬಾಯಲ್ಲೇ ಹೇಳಿಕೊಟ್ಟಳು. ಹಿಟ್ಟು ಕೋಲಿಗೆ ಅಂಟದ ಹಾಗೆ ಆಗುವತನಕ ತಿರುವು. ನೀರಿನಲ್ಲಿ ಉಂಡೆ ತಾನಾಗಿ ಮೇಲೆ ತೇಲುವತನಕ ಮುಟ್ಟಬೇಡ. ಕಾಯಿಹಾಲಿಗೆ ಕಾಯಿ, ಗಸಗಸೆ ನುಣ್ಣಗೆ ಅರೆ, ಹಾಲು ಹಿಂಡು, ಬೆಲ್ಲ ಕರಗಿಸಿ ಶೋಧಿಸು. ಜನ್ಮದಲ್ಲಿ ನಾನು ಯಾವ ಕೆಲಸವನ್ನೂ ಅಷ್ಟು ಹುಷಾರಾಗಿ ಮಾಡಿಲ್ಲ.

ಶನಿವಾರ ಮಧ್ಯಾಹ್ನ ಉಂಡೆ ತೇಲಿದವು. ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಎಳೆ ಇಳಿಯುವುದಿಲ್ಲ. ಶಾವಿಗೆ ಒರಳಿನ ಹಿಡಿ ನನ್ನ ಭಾರಕ್ಕೆ ಜಗ್ಗಲಿಲ್ಲ. ಹೊಲದಿಂದ ಬಂದ ಅಪ್ಪ, "ತತ್ತಾ ಇಲ್ಲಿ" ಅಂತ ತಾನೇ ನಿಂತು ಒತ್ತಿದ. ಎಳೆ ಎಳೆಯಾಗಿ ಬಿಳಿಯ ಶಾವಿಗೆ ಇಳಿಯಿತು. ಅಪ್ಪ ನನ್ನ ಮುಖ ನೋಡಿ ನಕ್ಕ.

ಮೇಷ್ಟ್ರು ಬಂದು ಚಾಪೆಯ ಮೇಲೆ ಕೂತವರೇ, "ಗೌಡ್ರೇ, ಈ ಹುಡುಗಿ ವಿಚಾರ" ಅಂತ ಶುರು ಮಾಡಿದರು.

"ಮೊದ್ಲು ಊಟ ಆಗ್ಲಿ ಮೇಷ್ಟ್ರೇ. ಮನೆಗ್ ಬಂದೋರ್ನ ಬರೀ ಹೊಟ್ಟೇಲಿ ಮಾತಾಡ್ಸೋದ್ ಉಂಟಾ" ಅಂದ ಅಪ್ಪ.

ಬಡಿಸಿದೆ. ಮೇಷ್ಟ್ರು ಉಂಡರು. ಎರಡನೇ ಸಲ ಬಡಿಸಿಕೊಂಡರು, ಮೂರನೇ ಸಲವೂ ಬೇಡ ಅನ್ನಲಿಲ್ಲ.

"ಮನೆಯೋರ ಕೈ ಹಿಂಗೈತೆ. ಯಾರ್ ಗೌಡ್ರೇ ಮಾಡಿದ್ದು?"

"ಇವ್ಳೇ. ಒತ್ತಿದ್ದಷ್ಟೇ ನಾನು."

ಮೇಷ್ಟ್ರು ನನ್ನ ಕಡೆ ತಿರುಗಿ ನಕ್ಕರು. "ಇಷ್ಟ್ ಕಲ್ತವ್ಳಿಗೆ ನಾನಿನ್ನೇನಮ್ಮ ಕಲಿಸ್ಲಿ?"

ಹೊಟ್ಟೆ ತುಂಬಿದವರು ಹೊಗಳುವ ಮಾತು, ಅಷ್ಟೇ. ಅಪ್ಪ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ.

"ಅಂಗನ್ನಿ ಮತ್ತೆ. ನೀವೇ ಅಂದ್ಮೇಲೆ ಮುಗೀತು. ಇಸ್ಕೂಲು ಬುಡಿಸ್ಬ್ಯಾಡ ಅಂತೀರೇನೋ ಅಂತ ನಂಗೂ ಒಸಿ ಅಳುಕಿತ್ತು."

ಮೇಷ್ಟ್ರ ಕೈ ತಟ್ಟೆಯಲ್ಲೇ ನಿಂತಿತು. "ಅಂಗಲ್ಲ ಗೌಡ್ರೇ, ನಾನಂದಿದ್ದು..."

"ಮಗ, ಮೇಷ್ಟ್ರಿಗೆ ಇನ್ನೊಂದೊಸಿ ಕಾಯಾಲು ಬುಡು" ಅಂದ ಅಪ್ಪ.

ನಾನು ಬಿಟ್ಟೆ. ಮೇಷ್ಟ್ರು ತಟ್ಟೆ ನೋಡಿದರು, ನನ್ನನ್ನು ನೋಡಿದರು. ಮೂರು ಸಲ ಬಡಿಸಿಕೊಂಡು ಉಂಡ ಮನೆಯಲ್ಲಿ, ಕೈ ತೊಳೆಯುವ ಮೊದಲೇ ಯಜಮಾನನಿಗೆ ಎದುರು ಮಾತಾಡುವುದು ಹೇಗೆ? ಕಾಯಿಹಾಲು ಕುಡಿದು ಎದ್ದರು. ಕೈಗೆ ನೀರು ಹಾಕುವಾಗ, "ಬಿಡುವಾದಾಗ ಬಾ ಕೆಂಪಿ" ಅಂತ ಮೆಲ್ಲಗೆ ಅಂದರು. ಸೈಕಲ್ಲು ಹತ್ತಿ ಹೋದರು. ಬಿಡುವು ಆಗಲಿಲ್ಲ.

"ಚೆನ್ನಾಗ್ ಮಾಡ್ಬುಟ್ಟೆ ಕಣವ್ವ" ಅಂದಳು ಅವ್ವ. ನನ್ನ ಮುಖ ನೋಡಲಿಲ್ಲ. ಹೊಗಳಿದಳೋ ಮರುಗಿದಳೋ, ಕೇಳಬೇಕು ಅಂದುಕೊಂಡೆ, ಕೇಳಲಿಲ್ಲ. ಈಗ ಅವಳಿಲ್ಲ.

ಈಗ ನಮ್ಮೂರಲ್ಲಿ ಹುಳಕ್ಕೆ ಬೇರೆ ಮನೆಯಿದೆ, ಮನೆಯೊಳಗೆ ಯಾವಾಗ ಬೇಕಾದರೂ ಒಗ್ಗರಣೆ ಹಾಕಬಹುದು. ಶಾವಿಗೆ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ನಮ್ಮ ಒರಳು ಸೌದೆ ಮನೆಯಲ್ಲಿ ಗೆದ್ದಲು ಹಿಡಿದು ಹೋಯಿತು. ಹೋದರೆ ಹೋಗಲಿ, ಅದಕ್ಕೆ ನಾನೇನೂ ಅಳುವುದಿಲ್ಲ. ಹೆಂಗಸರಿಗೆ ಬಸ್ಸು ಬಿಟ್ಟಿ ಅಂತ ಎಲ್ಲರೂ ಓಡಾಡುತ್ತಾರೆ. ನಾನು ನಿಲ್ದಾಣದಲ್ಲಿ ನಿಂತು ಬೋರ್ಡಿನ ಅಕ್ಷರ ಕೂಡಿಸಿ, ಒತ್ತಕ್ಷರದ ಹತ್ತಿರ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ನನಗೆ ಹೋಗಿದ್ದು ಆ ಓದು. ಅವತ್ತು ಮೇಷ್ಟ್ರಿಗೆ ಗಂಟು ಹಿಟ್ಟನ್ನೇ ಇಕ್ಕಬೇಕಾಗಿತ್ತು.

ಅದು ನನಗೆ ಹೊಳೆದಿದ್ದು ಮೇಷ್ಟ್ರು ಉಂಡು ಹೋದ ಮಾರನೆಯ ಬೆಳಿಗ್ಗೆಯೇ. ಎದ್ದು ಒಲೆ ಹಚ್ಚಿದೆ, ಎಸರಿಟ್ಟೆ, ರಾಗಿಹಿಟ್ಟು ಸುರಿದೆ. ಗಂಟಿಲ್ಲದೆ ತಿರುವುವುದು ಶಾವಿಗೆ ಕಲಿಯುವಾಗಲೇ ಕೈಗೆ ಬಂದಿತ್ತು. ಬೇಕಂತಲೇ ಅರ್ಧಕ್ಕೆ ಕೋಲು ತೆಗೆದು, ಗಂಟುಗಂಟಾಗಿಯೇ ಮುದ್ದೆ ಕಟ್ಟಿ ಅಪ್ಪನ ತಟ್ಟೆಗೆ ಹಾಕಿದೆ. ಅಪ್ಪ ಬೆರಳಲ್ಲಿ ಹುಡುಕಿ ಹುಡುಕಿ ಗಂಟುಗಳನ್ನು ಅಂಚಿಗೆ ಇಟ್ಟುಕೊಂಡ. "ನೆನ್ನೆ ದಣ್ದವ್ಳೆ, ಪಾಪ" ಅಂತ ಅವ್ವನಿಗೆ ಹೇಳಿದ.

ನಾನು ಇನ್ನೊಂದು ಮುದ್ದೆ ಇಕ್ಕಿದೆ.