ಹದಿನಾಲ್ಕನೇ ನಂಬರಿನ ಕಡ್ಡಿ

ಈಚೆಗೆ ನಾನು ರಾಯದುರ್ಗದಿಂದ ಬಸ್ ಹಿಡಿದು ಬಳ್ಳಾರಿಗೆ ಹೋದದ್ದು ಜಗಳಕ್ಕೆ. ಜಗಳದ ವಸ್ತು, ಒಂದು ಕಡ್ಡಿ. ಗೇಣುದ್ದ, ತುದಿಯಲ್ಲಿ ಕೊಕ್ಕೆ. ಕ್ರೋಶಾ ಕಡ್ಡಿ ಅಂತಾರೆ, ಉಲ್ಲನ್ ಹೆಣೆಯುವುದು. ಅದನ್ನು ಮಾರಿದ ಅಂಗಡಿಯವಳು ಮೋಸ ಮಾಡಿದ್ದಾಳೆ ಎಂದು ನಮ್ಮ ಓಣಿ ಅಷ್ಟೊತ್ತಿಗಾಗಲೇ ತೀರ್ಪು ಕೊಟ್ಟಿತ್ತು. ಜಾರಿ ಮಾಡಲು ಹೊರಟವಳು ನಾನು.

ಕಡ್ಡಿ ಬೇಕಾಗಿದ್ದುದು ಎದುರುಮನೆ ಪಾರ್ವತಕ್ಕನಿಗೆ. ಮದುವೆಯಾಗಿ ಬಂದಾಗಿನಿಂದ ಜೀನ್ಸ್ ಹೊಲಿದವಳು. (ನಮ್ಮೂರಲ್ಲಿ ಇದೇನು ವಿಶೇಷವಲ್ಲ. ಮಿಷನ್ ಸದ್ದಿಲ್ಲದ ಮನೆ ಕಂಡರೆ ಬೀಗ ಹಾಕಿದ್ದಾರೆ ಎಂದೇ ಅರ್ಥ.) ಜೀನ್ಸ್ ಅಂದೆನಲ್ಲ, ತಪ್ಪು. ಪಾರ್ವತಕ್ಕ ಹೊಲಿದದ್ದು ಹಿಂದಿನ ಜೇಬು ಮಾತ್ರ. ಜಿಪ್ ಒಂದು ಮನೆಯಲ್ಲಿ, ಬೆಲ್ಟ್ ಪಟ್ಟಿ ಇನ್ನೊಂದರಲ್ಲಿ, ಗುಂಡಿ ಮತ್ತೆಲ್ಲೋ. ಕೊನೆಗೆ ಚೆಕಿಂಗ್‌ನವರು. ಹೊಲಿಗೆ ಕೂದಲೆಳೆಯಷ್ಟು ಓರೆಯಾದರೂ ರಿಜೆಕ್ಟ್ ಎಂದು ವಾಪಸ್ ಎಸೆಯುತ್ತಿದ್ದರು.

ಈ ವರ್ಷ ಬೆನ್ನು ಕೈಕೊಟ್ಟಿತು. ಡಾಕ್ಟರು ಮಿಷನ್ ಬಿಡಿ ಎಂದರು. ಬಿಟ್ಟಳು. ಅಷ್ಟರಲ್ಲಿ ಮಡಕಶಿರಾಕ್ಕೆ ಕೊಟ್ಟ ಮಗಳು ಹೆರಿಗೆಗೆ ಬಂದಳು, ಹೆಣ್ಣು ಕೂಸಾಯಿತು. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ತಾನೇ ಒಂದು ಟೋಪಿ ಹೆಣೆಯಬೇಕೆಂದು ಪಾರ್ವತಕ್ಕನಿಗೆ ಆಸೆ.

"ಅಂಗಡ್ಯಾಗ ಸಿಗ್ತಾವಲ್ಲ?" ಎಂದೆ.

"ಸಿಗ್ತಾವ್ರಿ. ಆದ್ರ ಇಷ್ಟು ವರ್ಷ ಹೊಲದೀನಿ, ಇದು ನಾನು ಮಾಡಿದ್ದು ಅಂತ ತೋರ್ಸಾಕ ಒಂದೂ ಇಲ್ಲ. ಯಾರದಾದ್ರೂ ಜೇಬು ಕಿತ್ಕೊಂಡ್ ಬಂದು ತೋರ್ಸ್ಲೇನು?"

ಬೇರೆ ಕೆಲಸಕ್ಕೆ ಬಳ್ಳಾರಿಗೆ ಹೋಗುವವಳಿದ್ದೆ, ಕಡ್ಡಿ ತರುತ್ತೇನೆ ಎಂದೆ.

"ದಪ್ಪಂದು ತರ್ರಿ, ಕಣ್ಣು ಮಂದ ಆಗ್ಯಾವು. ಹದಿನೆಂಟು ನಂಬರ್ ಸಿಕ್ರ ಹದಿನೆಂಟ ತರ್ರಿ."

ಅದು ಜೀನ್ಸ್ ಹೊಲಿಯುವ ಮಿಷನ್ ಸೂಜಿಯ ನಂಬರು. ನಂಬರು ಏರಿದಂತೆ ಸೂಜಿ ದಪ್ಪ. ರಾಯದುರ್ಗದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಬಳ್ಳಾರಿಯ ಅಂಗಡಿಯವಳು ಹದಿನೆಂಟು ಬರುವುದೇ ಇಲ್ಲ, ಹದಿನಾಲ್ಕೇ ಕೊನೆ ಎಂದಳು. ಅದನ್ನೇ ಕೊಡಿ ಎಂದೆ. "ಹದಿನಾಲ್ಕ ಬೇಕೇನ್ರಿ?" ಎಂದು ಮತ್ತೆ ಮತ್ತೆ ಕೇಳಿದಳು. ನಮಗೇ ಸೂಜಿ ಪಾಠ ಹೇಳಲು ಬಂದಳಲ್ಲ ಎಂದುಕೊಂಡೆ. ಪೊಟ್ಟಣ ಬಿಚ್ಚಿ ನೋಡಲಿಲ್ಲ. (ರಾಯದುರ್ಗದವರು ಸೂಜಿಯನ್ನು ಯಾಕೆ ನೋಡಬೇಕು?) ಜೊತೆಗೆ ದಪ್ಪ ಉಲ್ಲನ್ ಉಂಡೆ, ನೇವಿ ಬ್ಲೂ. ಕೊಳೆ ಕಾಣಬಾರದು ನೋಡಿ.

ಮನೆಯಲ್ಲಿ ಬಿಚ್ಚಿದರೆ, ಕಡ್ಡಿಯೋ ಕಡ್ಡಿಯ ನೆರಳೋ ಎನ್ನುವಷ್ಟು ಸಣ್ಣ. ಕೊಕ್ಕೆ ಇದೆ ಎಂದು ನಂಬಬೇಕು, ಕಾಣುವುದಿಲ್ಲ. ಓಣಿಯ ತೀರ್ಪು ಹೊರಬಿದ್ದದ್ದು ಆಗ.

ಪಾರ್ವತಕ್ಕ ಮಾತ್ರ ಯಾರನ್ನೂ ಬೈಯಲಿಲ್ಲ. ಇದ್ದುದರಲ್ಲೇ ಆಗಲಿ ಎಂದು ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಕೂತಳು. ಕೊಕ್ಕೆ ಉಲ್ಲನ್ನಿನ ಎಳೆಯನ್ನು ಸೀಳುತ್ತಿತ್ತೇ ಹೊರತು ಹಿಡಿಯುತ್ತಿರಲಿಲ್ಲ. ಆ ಕಡುನೀಲಿಯಲ್ಲಿ ಕಡ್ಡಿ ಎಲ್ಲಿ ತೂರಿಸಬೇಕೋ ಕಾಣುತ್ತಿರಲಿಲ್ಲ. ಬೆರಳು ಕೆಂಪಾಯಿತು. ಒಂದು ಮಧ್ಯಾಹ್ನ ಎಲ್ಲವನ್ನೂ ಕವರಿಗೆ ತುರುಕಿ ನನ್ನ ಕೈಗಿಟ್ಟಳು.

"ವಾಪಸ್ ಕೊಡ್ರಿ. ನನ್ ಕೈ ಜೇಬಿಗಷ್ಟ ಲಾಯಕ್ಕು."

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆಗ. ಹೊಸದಾಗಿ ಕಲಿಯುವವರ ಹಣೆಬರಹವೇ ಇಷ್ಟಲ್ಲವೇ? ದೋಸೆ ಹಂಚಿಗೆ ಕಚ್ಚಿಕೊಂಡರೆ ಹೊಸ ಸೊಸೆ ತನ್ನ ಕೈಯನ್ನು ಬೈದುಕೊಳ್ಳುತ್ತಾಳೆ. ಅತ್ತೆಯಾದ ಮೇಲೆ ಹಂಚನ್ನು ಬೈಯಲು ಕಲಿಯುತ್ತಾಳೆ. ಬಸ್ ಹತ್ತಿದೆ.

ಅಂಗಡಿಯವಳು ನನ್ನ ಜಗಳವನ್ನು ಪೂರ್ತಿ ಕೇಳಿಸಿಕೊಂಡಳು. ನಡುವೆ ಯಾರಿಗೋ ಲೇಸ್ ಅಳೆದುಕೊಟ್ಟಳು. ಆಮೇಲೆ ಹೇಳಿದಳು:

"ಸ್ಟೀಲ್ ಕಡ್ಡಿ ನಂಬರ್ ಏರಿದಂಗ ಸಣ್ಣ ಆಗ್ತಾವ್ರಿ. ಅದಕ್ಕ ನಿಮ್ಮನ್ನ ಮತ್ತ ಮತ್ತ ಕೇಳಿದ್ದು."

ಜಗಳ ಅಲ್ಲಿಗೆ ಮುಗಿಯಿತು. ನಂಬರು ಬಿಡಿ, ಮಿಲಿಮೀಟರ್ ನೋಡಿ ಎಂದಳು. ಮೊದಲ ಸಲಕ್ಕೆ ಐದು ಮಿಲಿಮೀಟರ್ ಸಾಕು. ಹಗುರವಾದ ಅಲ್ಯೂಮಿನಿಯಂ ಒಳ್ಳೆಯದು. ಕೊಕ್ಕೆಯ ಬಾಯಿ ನುಣ್ಣಗಿರಬೇಕು, ಹೆಬ್ಬೆರಳು ಊರಲು ಚಪ್ಪಟೆ ಜಾಗ ಇರಬೇಕು. ಉಲ್ಲನ್ ತಿಳಿ ಬಣ್ಣದ್ದಾದರೆ ಹೆಣಿಗೆ ಕಣ್ಣಿಗೆ ಕಾಣುತ್ತದೆ. ನಾನು ಹಳದಿ ತಂದೆ. ಓಣಿಗೂ ವಿಷಯ ತಿಳಿಸಿದೆ. ತೀರ್ಪನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ. ಉಲ್ಟಾ ನಂಬರು ಹಾಕಿದವನದೇ ಮೋಸ ಎಂದು ತಿದ್ದುಪಡಿ ಮಾಡಿದರು, ಅಷ್ಟೆ.

ಪಾರ್ವತಕ್ಕ ಮೊದಲು ಕಡ್ಡಿ ಮುಟ್ಟಲಿಲ್ಲ. ಆಮೇಲೆ ಮಗಳು ಕೂಸಿಗೆ ನೀರು ಹಾಕುತ್ತಿದ್ದಾಗ ಒಬ್ಬಳೇ ಕೂತು ಸುರು ಮಾಡಿದಳು. ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ಶಾಸ್ತ್ರದ ಹಿಂದಿನ ಸಂಜೆ ಮುಗಿಯಿತು. ಟೋಪಿ ಒಂದು ಕಡೆ ವಾಲಿತ್ತು.

ಮರುದಿನ ಮಡಕಶಿರಾದ ಬೀಗಿತ್ತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಎಲ್ಲಿ ತಗಂಡ್ರಮ್ಮ ಇದ್ನ?"

"ನಾನ ಮಾಡಿದ್ದು."

"ಪೂರ್ತಿ ನೀವೊಬ್ರೇನಾ?"

"ಪೂರ್ತಿ ನಾನೊಬ್ಬಾಕಿನ."

ಬೀಗಿತ್ತಿ ಟೋಪಿಯನ್ನು ಕೂಸಿನ ತಲೆಗಿಟ್ಟರು. ಅದು ಹುಬ್ಬು ದಾಟಿ ಮೂಗಿನವರೆಗೆ ಇಳಿಯಿತು.

"ವಸಿ ದೊಡ್ಡದಾಗೈತೆ, ಓರೇನೂ ಆಗೈತೆ ಕಣಮ್ಮ."

ಪಾರ್ವತಕ್ಕ ಬಗ್ಗಿ ಟೋಪಿಯನ್ನು ಮೇಲಕ್ಕೆ ಸರಿಸಿದಳು. ಕೂಸು ಕಣ್ಣು ಬಿಟ್ಟಿತು.

"ಆಗ್ಲಿ ಬಿಡ್ರಿ. ಇಲ್ಲಿ ರಿಜೆಕ್ಟ್ ಮಾಡೋರು ಯಾರದಾರ?"