ಉಪ್ಪಿಟ್ಟಿನ ಉಪವಾಸ

ತಪ್ಪು ನನ್ನದೇ. ರಕ್ತಪರೀಕ್ಷೆಗೆ ಉಪವಾಸವಿದ್ದು ಬಾ ಎಂದರೆ, ಒಂದು ತಟ್ಟೆ ಉಪ್ಪಿಟ್ಟು, ಎರಡು ಬಾಳೆಹಣ್ಣು, ದೊಡ್ಡ ಲೋಟದ ತುಂಬ ಸಿಹಿ ಕಾಫಿ ಮುಗಿಸಿ ಹೋದವನು ನಾನು. ಹೋದದ್ದೂ ಎಂಥ ಹುರುಪಿನಲ್ಲಿ ಅಂತೀರಿ!

ಹುರುಪೆಂದರೆ ನಗು ಬರುತ್ತದೆ, ಏಕೆಂದರೆ ಡಾಕ್ಟರ ಬಳಿ ಹೋದದ್ದೇ ಸುಸ್ತಿಗೆ. ಸುಸ್ತು, ದಣಿವು, ಆಯಾಸ, ಬಳಲಿಕೆ, ನಿತ್ರಾಣ ಎಂದು ಕನ್ನಡದಲ್ಲಿ ಇರುವಷ್ಟೂ ಪದಗಳು ತಿಂಗಳುಗಟ್ಟಲೆ ನನ್ನೊಬ್ಬನ ಮೈಮೇಲೇ ಬಿಡಾರ ಹೂಡಿದ್ದವು. ಅಮೆರಿಕದ ಡಲ್ಲಾಸಿನಲ್ಲಿ ನಾನು ಓದುತ್ತಿದ್ದೆ ಎಂಬುದು ಅಪ್ಪನ ನಂಬಿಕೆ. ನಿಜವಾಗಿ ಮಾಡುತ್ತಿದ್ದುದು ಮಿಮಿಕ್ರಿ. ಹೂಸ್ಟನ್ನಿನ ಅಂಕಲ್‌ಗಳು ನನ್ನ ಬಾಯಲ್ಲಿ ತಮ್ಮ ದನಿ ಕೇಳಿ ಬೆಚ್ಚಿದ್ದುಂಟು. ಆ ಶನಿವಾರ ಆಸ್ಟಿನ್ನಿನ ಕನ್ನಡಿಗರ ದೀಪಾವಳಿಯಲ್ಲಿ ಅರ್ಧ ಗಂಟೆ ಪೂರ್ತಿ ನನಗೇ ಕೊಟ್ಟಿದ್ದರು. ಆದರೆ ಯಾರ ದನಿ ತೆಗೆಯಹೋದರೂ ಬರುತ್ತಿದ್ದುದು ದಣಿದ ನನ್ನದೇ ದನಿ. ಅದನ್ನು ನಮ್ಮ ಮನೆಯವರೇ ಕೇಳುವುದಿಲ್ಲ, ಆಸ್ಟಿನ್ನಿನವರು ಕೇಳುತ್ತಾರೆಯೆ?

ಪಕ್ಕದ ಕ್ಯಾರಲ್ಟನ್ನಿನ ಡಾಕ್ಟರು ಧಾರವಾಡದ ಕಡೆಯ ಹೆಂಗಸು. ಸುಸ್ತು, ಮಿಮಿಕ್ರಿ, ಆಸ್ಟಿನ್ ಎಲ್ಲ ಸೇರಿದ ನನ್ನ ಗೋಳು ಕೇಳಿ ಏನೇನೋ ಪರೀಕ್ಷೆ ಬರೆದು, ‘ಉಪವಾಸ’ ಎಂದು ಅಕ್ಕರೆಯಿಂದ ಕನ್ನಡದಲ್ಲೇ ಹೇಳಿದರು. ಅನಾಹುತವಾದದ್ದು ಆ ಅಕ್ಕರೆಯಿಂದಲೇ. ಉಪ ಎಂದರೆ ಹತ್ತಿರ, ವಾಸ ಎಂದರೆ ಇರುವುದು, ಹಾಗಾಗಿ ಉಪವಾಸವೆಂದರೆ ದೇವರ ಹತ್ತಿರ ಇರುವುದು ಎನ್ನುತ್ತಾರೆ ಪಂಡಿತರು. ಮೈಸೂರಿನ ನಮ್ಮ ಮನೆಯಲ್ಲಿ ಉಪವಾಸದ ದಿನ ಎಲ್ಲರೂ ಹತ್ತಿರ ಇರುತ್ತಿದ್ದುದು ಒಲೆಗೆ. ಅನ್ನ ಮುಟ್ಟದಿದ್ದರೆ ಸರಿ, ಉಳಿದದ್ದೆಲ್ಲ ಫಲಾಹಾರ.

ನನ್ನ ತಟ್ಟೆ ನೋಡಿ ರೂಮ್‌ಮೇಟ್ ಇಮ್ತಿಯಾಜ್, ದಾವಣಗೆರೆಯವನು, ನಿಟ್ಟುಸಿರಿಟ್ಟ. “ಇದು ಉಪವಾಸನಾ? ರಂಜಾನ್‌ಗೆ ನಿಮ್ಮನೇಲಿ ಇರ್ಬೇಕಿತ್ತು ಕಣೋ ನಾನು.” ಅಸೂಯೆ ಇರಬೇಕು ಎಂದುಕೊಂಡೆ.

ನರ್ಸ್ ಸೂಜಿ ಚುಚ್ಚಿ ಸೀಸೆ ಮೇಲೆ ಸೀಸೆ ತುಂಬಿಸಿಕೊಂಡಳು. ನನ್ನಲ್ಲಿ ಇಷ್ಟೊಂದು ಆಸಕ್ತಿ ಈ ದೇಶದಲ್ಲಿ ಯಾವ ಹುಡುಗಿಯೂ ತೋರಿಸಿರಲಿಲ್ಲ. ಸುಸ್ತು ಅರ್ಧ ಅಲ್ಲೇ ಹೋಯಿತು.

ಮರುದಿನ ಆನ್ಸರಿಂಗ್ ಮಷೀನಿನಲ್ಲಿ ಅವಳದೇ ದನಿ: ಸಕ್ಕರೆ ಬಹಳ ಹೆಚ್ಚಿದೆ, ಕೂಡಲೇ ಬನ್ನಿ. ಮತ್ತೆ ಮತ್ತೆ ಹಾಕಿ ಕೇಳಿದೆ. ಮೊದಮೊದಲು ಭಯಕ್ಕೆ, ಆಮೇಲೆ ಅವಳ ಟೆಕ್ಸಾಸ್ ರಾಗ ಕಲಿಯುವುದಕ್ಕೆ.

ಓಡಿದೆ. ಆಸ್ಟಿನ್ನಿಗೆ ಬರುವುದಿಲ್ಲವೆಂದು ಹೇಳಿಬಿಡಲೇ ಎಂದು ಕೇಳಿದೆ. ಡಾಕ್ಟರು, ರಕ್ತ ಕೊಟ್ಟ ಬೆಳಿಗ್ಗೆ ಏನು ತಿಂದಿದ್ದೆ ಎಂದರು. ಏನೂ ಇಲ್ಲ, ಕಟ್ಟುನಿಟ್ಟಿನ ಉಪವಾಸ, ಬರೀ ಉಪ್ಪಿಟ್ಟು ಎಂದು ಶುರುಮಾಡಿ ಕಾಫಿಯವರೆಗೆ ಭಕ್ತಿಯಿಂದ ಒಪ್ಪಿಸಿದೆ.

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಇದೆಯೆಂದೂ, ಪಾತಾಳ ಕಂಡಿರುವುದು ಬಿ-ಟ್ವೆಲ್ವ್ ವಿಟಮಿನ್ ಎಂದೂ ತಿಳಿಯಿತು. ಚುಚ್ಚುಮದ್ದು ಹಾಕಿಸಿಕೊಂಡೇ ಆಸ್ಟಿನ್ನಿನ ವೇದಿಕೆ ಹತ್ತಿದೆ. ಅಲ್ಲಿ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಡಾಕ್ಟರ ದನಿಗೆ. ಮಾತೂ ಅವರದೇ. ಅಂದು ನನ್ನ ಉಪ್ಪಿಟ್ಟಿನ ವರದಿ ಕೇಳಿ ಪೆನ್ನು ಕೆಳಗಿಟ್ಟು, ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತ ಆಡಿದ್ದು:

“ತಮ್ಮಾ, ನೀ ಮಾಡಿದ್ದು ಉಪವಾಸ ಅಲ್ಲಪಾ, ಉಪವಾಸದ ಮಿಮಿಕ್ರಿ. ನಾಳೆ ಮುಂಜಾನೆ ಒರಿಜಿನಲ್ ತಗೊಂಡ್ ಬಾ.”